ಸೂಜಿಗೆ ವಿಮೆ ಯಾಕೆ ಎನ್ನುವವರಿಗೆ

ನಾನಿರುವ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಕಾರು ಅಪಘಾತದಿಂದ ಪೆಟ್ಟಾದವರಿಗೆ ಸರ್ಕಾರಿ ವಿಮಾ ನಿಗಮ ಆಕ್ಯುಪಂಕ್ಚರ್ ಚಿಕಿತ್ಸೆಯ ಖರ್ಚು ಕೊಡುತ್ತದೆ, ಕೊಡುವುದು ಸರಿಯಾಗಿಯೂ ಇದೆ ಎಂದು ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಬೈಗುಳದ ಪಾಲನ್ನು ಬಿಟ್ಟರೂ ಉತ್ತರ ಬೇಡುವ ವಾದಗಳು ಸಾಕಷ್ಟು ಉಳಿಯುತ್ತವೆ. ಮೈಸೂರಿನ ಮೂಳೆ ವೈದ್ಯರೊಬ್ಬರು, ಇಲ್ಲೇ ಸರ್ರೆಯಲ್ಲಿರುವ ಸಾಫ್ಟ್‌ವೇರ್ ಮಿತ್ರರು, ಒಬ್ಬ ಫಿಸಿಯೋಥೆರಪಿಸ್ಟ್, ಬೆಂಗಳೂರಿನಲ್ಲಿ ವಿಮಾ ಕಂಪನಿಯ ಕ್ಲೇಮು ವಿಭಾಗದಲ್ಲಿ ದುಡಿದು ನಿವೃತ್ತರಾದ ಹಿರಿಯರು, ಹೀಗೆ ಬರೆದವರೆಲ್ಲ ವಿಷಯ ಬಲ್ಲವರೇ. ಹಾಗಾಗಿ ಹಾರಿಕೆಯ ಉತ್ತರ ನಡೆಯುವುದಿಲ್ಲ.

ಮೊದಲು ಇಲ್ಲಿಯ ವ್ಯವಸ್ಥೆ ಏನೆಂದು ಹೇಳಿಬಿಡುತ್ತೇನೆ. ಎಷ್ಟೋ ಆಕ್ಷೇಪಗಳು ಅದನ್ನು ತಿಳಿಯದೇ ಹುಟ್ಟಿದವು. ಐಸಿಬಿಸಿ ಎಂಬ ಈ ನಿಗಮ 1973ರಲ್ಲಿ ಶುರುವಾಯಿತು. ಪ್ರಾಂತ್ಯದಲ್ಲಿ ಗಾಡಿ ಓಡಿಸುವ ಪ್ರತಿಯೊಬ್ಬರೂ ಮೂಲ ವಿಮೆಯನ್ನು ಇದರಿಂದಲೇ ಕೊಳ್ಳಬೇಕು, ಬೇರೆ ಅಂಗಡಿ ಇಲ್ಲ. 2021ರ ಮೇ 1ರಿಂದ ಇಲ್ಲಿ ಹೊಸ ಪದ್ಧತಿ ಬಂತು. ಅಪಘಾತ ಮಾಡಿದವನ ಮೇಲೆ ಗಾಯಾಳು ಕೋರ್ಟಿಗೆ ಹೋಗುವ ಹಕ್ಕು ಕೆಲವೇ ಸಂದರ್ಭಗಳನ್ನು ಬಿಟ್ಟರೆ ರದ್ದಾಯಿತು. ಅದಕ್ಕೆ ಬದಲಾಗಿ, ತಪ್ಪು ಯಾರದೇ ಇರಲಿ, ಗಾಯಗೊಂಡವರ ಚಿಕಿತ್ಸೆಯನ್ನು ನಿಗಮ ನೋಡಿಕೊಳ್ಳುತ್ತದೆ. ಅಪಘಾತವಾದ ಮೊದಲ ಹನ್ನೆರಡು ವಾರ ವೈದ್ಯರ ಚೀಟಿಯೂ ಬೇಡ. ಫಿಸಿಯೋಥೆರಪಿಗೆ 25 ಬಾರಿ, ಕೈರೋಪ್ರ್ಯಾಕ್ಟಿಕ್‌ಗೆ 25, ಮಸಾಜಿಗೆ 12, ಆಕ್ಯುಪಂಕ್ಚರಿಗೆ 12 ಬಾರಿ ಮುಂಚಿತವಾಗಿಯೇ ಒಪ್ಪಿಗೆ ಸಿಕ್ಕಿರುತ್ತದೆ. ಆಮೇಲೂ ಬೇಕಾದರೆ ಚಿಕಿತ್ಸೆ ಕೊಡುವವರು ಕಾರಣ ತೋರಿಸಿ ಅರ್ಜಿ ಹಾಕಬೇಕು. ನಾನು ಸಮರ್ಥಿಸಿದ್ದು ಈ ಹನ್ನೆರಡು ಬಾರಿಯನ್ನು. ಜಗತ್ತಿನ ಎಲ್ಲ ರೋಗಕ್ಕೂ ಸೂಜಿಯೇ ಮದ್ದು ಎಂದು ನಾನೆಲ್ಲೂ ಹೇಳಿಲ್ಲ.

ಇನ್ನು ಮೈಸೂರಿನ ಡಾಕ್ಟರ ಮಾತು. "ಇದು ಬರೀ ಪ್ಲಸೀಬೊ. ಸುಳ್ಳು ಸೂಜಿ ಚುಚ್ಚಿದರೂ ಅಷ್ಟೇ ಗುಣ ಕಾಣುತ್ತದೆಂದು ಜರ್ಮನರೇ ತೋರಿಸಿಕೊಟ್ಟಿದ್ದಾರೆ" ಎನ್ನುತ್ತಾರೆ. ಅವರು ಹೇಳುತ್ತಿರುವುದು 2007ರಲ್ಲಿ ಪ್ರಕಟವಾದ ಗೆರಾಕ್ ಪ್ರಯೋಗದ ವಿಚಾರ. ಬಹಳ ಕಾಲದಿಂದ ಸೊಂಟನೋವಿದ್ದ 1,162 ಜನರನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ಚೀನೀ ಪದ್ಧತಿಯ ಬಿಂದುಗಳಲ್ಲಿ ಸೂಜಿ, ಇನ್ನೊಂದಕ್ಕೆ ಆ ಬಿಂದುಗಳನ್ನು ತಪ್ಪಿಸಿ ಮೇಲುಮೇಲೆ ಸೂಜಿ, ಮೂರನೆಯದಕ್ಕೆ ಔಷಧಿ, ಫಿಸಿಯೋಥೆರಪಿ, ವ್ಯಾಯಾಮ ಇತ್ಯಾದಿ ಮಾಮೂಲಿ ಉಪಚಾರ. ಆರು ತಿಂಗಳ ನಂತರ ಗುಣ ಕಂಡವರು ಮೊದಲ ಗುಂಪಿನಲ್ಲಿ ಶೇ. 47.6, ಎರಡನೆಯದರಲ್ಲಿ ಶೇ. 44.2.

ಡಾಕ್ಟರು ಇಲ್ಲಿಗೆ ನಿಲ್ಲಿಸಿದರು. ಮೂರನೆಯ ಗುಂಪಿನ ಅಂಕಿಯನ್ನು ಪತ್ರದಲ್ಲಿ ಬರೆಯಲಿಲ್ಲ. ಅದು ಶೇ. 27.4.

ಈ ಮೂರು ಅಂಕಿಗಳನ್ನು ಒಟ್ಟಿಗಿಟ್ಟು ನೋಡಬೇಕು. ಮೊದಲಿನ ಎರಡನ್ನು ನೋಡಿದರೆ, ದೇಹದಲ್ಲಿ ನಾಡಿಗಳಂತೆ ಹರಿಯುವ ಶಕ್ತಿಯ ದಾರಿಗಳಿವೆ, ಅವುಗಳ ಮೇಲೆ ನಿಖರವಾಗಿ ಚುಚ್ಚಬೇಕು ಎಂಬ ಚೀನೀ ಸಿದ್ಧಾಂತಕ್ಕೆ ಬೆಂಬಲ ಸಿಗುವುದಿಲ್ಲ. ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆ ಸಿದ್ಧಾಂತದ ವಕಾಲತ್ತು ನನ್ನದಲ್ಲ. ಆದರೆ ಮೂರನೆಯ ಅಂಕಿ ಹೇಳುವುದು ಬೇರೆ. ಸೂಜಿ ಎಲ್ಲೇ ಬಿದ್ದಿರಲಿ, ಸೂಜಿ ಬಿದ್ದವರು ಮಾತ್ರೆ ಮತ್ತು ವ್ಯಾಯಾಮದಲ್ಲೇ ಉಳಿದವರಿಗಿಂತ ಹೆಚ್ಚು ಸಂಖ್ಯೆಯಲ್ಲಿ ಚೇತರಿಸಿಕೊಂಡರು. ಜೊತೆಗೆ, "ಸುಳ್ಳು ಸೂಜಿ" ಎಂದು ಕರೆದದ್ದು ಸಕ್ಕರೆ ಗುಳಿಗೆಯಂತೆ ನಿಷ್ಕ್ರಿಯ ವಸ್ತುವಲ್ಲ. ಅದೂ ಚರ್ಮದೊಳಗೆ ಹೋದ ಸೂಜಿಯೇ. ಚಿಕಿತ್ಸೆ ಕೊಡುವವರ ಸ್ಪರ್ಶ, ಅರ್ಧ ಗಂಟೆಯ ವಿಶ್ರಾಂತಿ, ಗುಣವಾಗುತ್ತದೆಂಬ ನಿರೀಕ್ಷೆ, ಚುಚ್ಚಿದ ಜಾಗದ ನರಗಳ ಪ್ರತಿಕ್ರಿಯೆ, ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂದು ಬಿಡಿಸುವುದು ಸಂಶೋಧಕರ ಕೆಲಸ. ವಿಮಾ ನಿಗಮ ಕೇಳಬೇಕಾದ ಪ್ರಶ್ನೆ ಬೇರೆ: ಈ ಮನುಷ್ಯ ಮತ್ತೆ ಕೆಲಸಕ್ಕೆ ಹೋಗುವಂತಾದನೇ? ಜರ್ಮನಿಯ ಆರೋಗ್ಯ ವಿಮೆಯ ಧೋರಣೆ ತೀರ್ಮಾನಿಸುವ ಸಮಿತಿ ಇದೇ ಪ್ರಯೋಗಮಾಲೆಯನ್ನು ಮುಂದಿಟ್ಟುಕೊಂಡು ದೀರ್ಘಕಾಲದ ಸೊಂಟನೋವಿಗೂ ಮಂಡಿಯ ಸವೆತಕ್ಕೂ ಆಕ್ಯುಪಂಕ್ಚರಿಗೆ ಹಣ ಕೊಡಬಹುದೆಂದಿತು, ತಲೆನೋವಿಗೆ ಕೊಡಲಾಗದೆಂದಿತು. 2007ರಿಂದ ಅದು ಜಾರಿಯಲ್ಲಿದೆ. ಸಿದ್ಧಾಂತಕ್ಕೆ ಮರುಳಾದವರು ಹೀಗೆ ಒಂದಕ್ಕೆ ಹೌದು, ಇನ್ನೊಂದಕ್ಕೆ ಇಲ್ಲ ಎನ್ನುತ್ತಿರಲಿಲ್ಲ.

ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ 2020ರ ಜನವರಿಯಲ್ಲಿ ತೆಗೆದುಕೊಂಡ ತೀರ್ಮಾನವೂ ಇದೇ ಜಾತಿಯದು. ದೀರ್ಘಕಾಲದ ಸೊಂಟನೋವಿಗೆ ಮಾತ್ರ, 90 ದಿನಗಳಲ್ಲಿ 12 ಬಾರಿ. ಗುಣ ಕಂಡರೆ ಇನ್ನು ಎಂಟು, ವರ್ಷಕ್ಕೆ 20ರ ಮೇಲೆ ಇಲ್ಲ. ಗುಣ ಕಾಣದಿದ್ದರೆ ನಿಲ್ಲಿಸಬೇಕು. ಈ ಕೊನೆಯ ಷರತ್ತು ನನಗೆ ಬಹಳ ಹಿಡಿಸುತ್ತದೆ. ಐಸಿಬಿಸಿಯ ನಿಯಮದಲ್ಲಿ ಅದು ಇಷ್ಟು ಖಡಾಖಂಡಿತವಾಗಿ ಇದ್ದಿದ್ದರೆ ಈ ಲೇಖನದ ಅರ್ಧ ಭಾಗ ಬೇಕಾಗುತ್ತಿರಲಿಲ್ಲ.

ನಿಜವಾಗಿ ತೂಕವಿರುವ ಆಕ್ಷೇಪ ಬಂದದ್ದು ಫಿಸಿಯೋಥೆರಪಿಸ್ಟರಿಂದ. ಸೊಂಟದ ಪ್ರಯೋಗ ತೋರಿಸಿ ಕತ್ತಿಗೆ ಹಣ ಕೇಳಬೇಡಿ ಎನ್ನುತ್ತಾರೆ. ಹಿಂದಿನಿಂದ ಗಾಡಿ ಗುದ್ದಿದಾಗ ತಲೆ ಹಿಂದಕ್ಕೂ ಮುಂದಕ್ಕೂ ಜಾಡಿಸಿ ಆಗುವ ಕತ್ತಿನ ಪೆಟ್ಟು, ಇಲ್ಲಿಯ ಎಲ್ಲರೂ ವಿಪ್ಲ್ಯಾಶ್ ಎನ್ನುವುದು, ಬೇರೆಯದೇ ಸಂಗತಿ. ಅದರ ಮೇಲೇ ಸಿಡ್ನಿಯಲ್ಲಿ ಪ್ರಯೋಗವಾಗಿ 2011ರಲ್ಲಿ ವರದಿ ಬಂತು. 124 ಜನರಿಗೆ ವಿದ್ಯುತ್ ಹಾಯಿಸಿದ ಸೂಜಿ ಅಥವಾ ಅದರ ನಟನೆ. ನಿಜ ಚಿಕಿತ್ಸೆ ಪಡೆದವರಿಗೆ ಆರು ತಿಂಗಳವರೆಗೂ ನೋವು ಸ್ವಲ್ಪ ಕಡಿಮೆಯಿತ್ತು. ಆದರೆ ಆ ಇಳಿಕೆ ರೋಗಿಯ ಬದುಕಿನಲ್ಲಿ ಎದ್ದು ಕಾಣುವಷ್ಟಲ್ಲ, ಓಡಾಟ ಕೆಲಸಗಳಲ್ಲಿ ಸುಧಾರಣೆಯಿಲ್ಲ ಎಂದು ಪ್ರಯೋಗ ಮಾಡಿದವರೇ ಬರೆದರು. 2016ರಲ್ಲಿ ಒಂಟಾರಿಯೊದ ತಜ್ಞರ ತಂಡ ಹೊಸದಾಗಿ ಶುರುವಾದ ಕತ್ತುನೋವಿಗೆ ಮಾಡಬಾರದ ಚಿಕಿತ್ಸೆಗಳ ಪಟ್ಟಿ ಕೊಟ್ಟಿತು. ಅದರಲ್ಲಿ ವಿದ್ಯುತ್ ಸೂಜಿಯೂ ಇತ್ತು.

ಇದನ್ನು ಮುಚ್ಚಿಟ್ಟು ವಾದ ಮಾಡುವುದು ಅಪ್ರಾಮಾಣಿಕತೆ. ಪೆಟ್ಟಾದ ಮೊದಲ ದಿನಗಳಲ್ಲೇ ವಿದ್ಯುತ್ ಸೂಜಿ ಹಚ್ಚುವುದಕ್ಕೆ ವಿಮೆಯ ಹಣ ಹೋಗಬಾರದು, ಒಪ್ಪಿದೆ. ಆದರೆ ಅದೇ ಒಂಟಾರಿಯೊ ಪಟ್ಟಿಯಲ್ಲಿ ಮಾಡಬಾರದ್ದೆಂದು ಇನ್ನೂ ಏನೇನಿತ್ತೆಂದು ಫಿಸಿಯೋಥೆರಪಿಸ್ಟ್ ಮಿತ್ರರು ಹೇಳಲಿಲ್ಲ. ಕತ್ತಿನ ಪಟ್ಟಿ, ಕ್ಲಿನಿಕ್ಕಿನಲ್ಲಿ ಕೊಡುವ ಬಿಸಿ ಶಾಖ, ಎಲೆಕ್ಟ್ರೋಥೆರಪಿ, ಸುಖದ ಮಸಾಜು, ಇವೆಲ್ಲವೂ ಇದ್ದವು. ಇವುಗಳಲ್ಲಿ ಒಂದೆರಡಾದರೂ ಇಲ್ಲದ ಫಿಸಿಯೋಥೆರಪಿ ಕೋಣೆ ಎಲ್ಲಿದೆ? ಶಾಖದ ಚೀಲ ಇಟ್ಟು ಹೋದವರಿಗೆ 25 ಬಾರಿ, ಸೂಜಿ ಇಟ್ಟವರಿಗೆ ಸೊನ್ನೆ ಎನ್ನುವ ನ್ಯಾಯ ಪುರಾವೆಯ ಮೇಲೆ ನಿಂತದ್ದಲ್ಲ.

ಕತ್ತಿನ ಪರವಾಗಿಯೂ ಪುರಾವೆ ಇದೆ. 2015ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಟ್ಲಾಸ್ ಪ್ರಯೋಗದಲ್ಲಿ ಬಹುಕಾಲದ ಕತ್ತುನೋವಿನ 517 ಜನರಿದ್ದರು. ಮಾಮೂಲಿ ಚಿಕಿತ್ಸೆಯ ಜೊತೆಗೆ 12 ಬಾರಿಯವರೆಗೆ ಆಕ್ಯುಪಂಕ್ಚರ್ ಪಡೆದವರು ವರ್ಷದ ಕೊನೆಯಲ್ಲಿ ಬರೀ ಮಾಮೂಲಿ ಚಿಕಿತ್ಸೆಯಲ್ಲಿದ್ದವರಿಗಿಂತ ಚೆನ್ನಾಗಿದ್ದರು. ಅವರೆಲ್ಲ ಅಪಘಾತದವರಲ್ಲ, ಹಾಗಾಗಿ ಇದು ನೇರ ಪುರಾವೆಯಲ್ಲ. ಆದರೂ ವಾರಗಟ್ಟಲೆ ಎಳೆಯುತ್ತಿರುವ ಕತ್ತುನೋವಿಗೆ ಹನ್ನೆರಡರ ಮಿತಿಯೊಳಗೆ ಪ್ರಯತ್ನಿಸಿ ನೋಡಲು ಆಧಾರ ಕೊಡುತ್ತದೆ. ನಾನು ಕೇಳುವುದೂ ಅಷ್ಟೇ: ವ್ಯಾಯಾಮದ ಬದಲಿಗಲ್ಲ, ಅದರ ಜೊತೆಗೆ.

ಜೊತೆಗೆ ಎಂದರೆ ಹೇಗೆ ಎಂದು ಕೇಳಿದ್ದಾರೆ. ಹೇಳುತ್ತೇನೆ. ನಾನು ಕೂತು ನೋಡಿದ ಒಂದು ಕೋಣೆಯಲ್ಲಿ ಲಾರಿ ಓಡಿಸುವ ನಡುವಯಸ್ಸಿನ ಪಂಜಾಬಿಯೊಬ್ಬರು ಬೋರಲು ಮಲಗಿದ್ದರು. ಮುಖ ಇಳಿಬಿಡಲು ಮಂಚದಲ್ಲಿ ತೂತು. ಪೊಟ್ಟಣ ಹರಿದು ತೆಗೆದ ಸೂಜಿಗಳು ಕೂದಲಿಗಿಂತ ಸ್ವಲ್ಪವೇ ದಪ್ಪ, ಒಂದೊಂದಕ್ಕೂ ಪ್ಲಾಸ್ಟಿಕ್ ಕೊಳವೆ. ಕೊಳವೆಯ ಮೇಲೆ ಬೆರಳಿನಿಂದ ಟಕ್ಕೆಂದು ತಟ್ಟಿದರೆ ಸೂಜಿ ಒಳಗೆ. ಕತ್ತಿನ ಬುಡ, ಭುಜದ ಮೇಲ್ಭಾಗ, ಕೈಯ ಹೆಬ್ಬೆರಳಿನ ಸಂದು, ಎಲ್ಲ ಸೇರಿ ಹತ್ತು ಹನ್ನೆರಡು. ದೀಪ ಸಣ್ಣ ಮಾಡಿ ಇಪ್ಪತ್ತು ನಿಮಿಷ ಬಿಟ್ಟರು. ಇದಿಷ್ಟೇ ಆಗಿದ್ದರೆ ಆಕ್ಷೇಪಿಸುವವರ ಪಕ್ಷಕ್ಕೆ ನಾನೂ ಸೇರುತ್ತಿದ್ದೆ. ಸೂಜಿ ತೆಗೆದು, ಎಣಿಸಿ, ಹಳದಿ ಡಬ್ಬಿಗೆ ಹಾಕಿದ ಮೇಲೆ ಚಿಕಿತ್ಸೆ ಕೊಡುತ್ತಿದ್ದ ಹೆಂಗಸು ಅವರನ್ನು ಕುರ್ಚಿಯಲ್ಲಿ ಕೂರಿಸಿ ಕತ್ತು ತಿರುಗಿಸಿ ಎಂದರು. ಎಡಕ್ಕೆ ಗದ್ದ ಭುಜದವರೆಗೆ ಬರಲಿಲ್ಲ, ಆದರೆ ಬಂದಾಗಿನದಕ್ಕಿಂತ ಮುಂದೆ ಹೋಯಿತು. ನೋವು ತಗ್ಗಿದ ಈ ಹೊತ್ತಿನಲ್ಲೇ ಫಿಸಿಯೋ ಹೇಳಿಕೊಟ್ಟ ವ್ಯಾಯಾಮ ಮಾಡಿಸಿದರು, ತಿರುಗಿದ ಅಳತೆಯನ್ನು ಹಾಳೆಯಲ್ಲಿ ಬರೆದುಕೊಂಡರು.

ಆ ಅಳತೆ ಎಷ್ಟು ಮುಖ್ಯವೆಂದು ಇಲ್ಲಿ ಗಾಡಿ ಓಡಿಸುವವರಿಗೆ ಗೊತ್ತು. ಲೇನ್ ಬದಲಿಸುವ ಮುನ್ನ ಕನ್ನಡಿ ನೋಡಿದರೆ ಸಾಲದು, ಕತ್ತು ತಿರುಗಿಸಿ ಭುಜದ ಮೇಲಿಂದ ಹಿಂದೆ ನೋಡಬೇಕು. ಶೋಲ್ಡರ್ ಚೆಕ್ ತಪ್ಪಿಸುತ್ತ ಹೋದರೆ ರೋಡ್ ಟೆಸ್ಟಿನಲ್ಲಿ ಫೇಲು. ಆ ಟೆಸ್ಟ್ ನಡೆಸುವುದೂ ಇದೇ ಐಸಿಬಿಸಿ. ಕತ್ತು ತಿರುಗದವನಿಗೆ ಗಾಡಿ ಓಡಿಸಲು ಅರ್ಹತೆಯಿಲ್ಲ ಎನ್ನುವ ನಿಗಮವೇ ಕತ್ತು ತಿರುಗಿಸಿಕೊಡುವ ಹೊಣೆಯನ್ನೂ ಹೊತ್ತಿದೆ. ಲಾರಿಯವರಿಗಂತೂ ಅದು ಹೊಟ್ಟೆಪಾಡಿನ ಪ್ರಶ್ನೆ.

"ಏನೂ ಮಾಡದಿದ್ದರೂ ಅದು ತಾನಾಗಿ ವಾಸಿಯಾಗುತ್ತದೆ" ಎಂಬ ಮಾತನ್ನು ಮೂವರು ಬರೆದಿದ್ದಾರೆ. ಅನೇಕರಿಗೆ ಆಗುತ್ತದೆ, ನಿಜ. 1995ರ ಕ್ವಿಬೆಕ್ ತಜ್ಞರ ತಂಡವೂ ಹೀಗೇ ಆಶಾವಾದದಿಂದ ಬರೆದಿತ್ತು. 2008ರ ಅಂತರರಾಷ್ಟ್ರೀಯ ಕತ್ತುನೋವು ಕಾರ್ಯಪಡೆ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ನೋಡಿದಾಗ, ವರ್ಷ ಕಳೆದ ಮೇಲೂ ಸುಮಾರು ಅರ್ಧದಷ್ಟು ಜನ ಕತ್ತುನೋವಿನ ಲಕ್ಷಣ ಹೇಳುತ್ತಿದ್ದರು. ಉಳಿದರ್ಧ ಯಾರೆಂದು ಮೊದಲ ವಾರದಲ್ಲಿ ಹಣೆ ನೋಡಿ ಹೇಳಲಾಗದು.

ಈಗ ಹಣದ ವಿಷಯ. ಸಾಫ್ಟ್‌ವೇರ್ ಮಿತ್ರರ ಸಿಟ್ಟೆಲ್ಲ ಇದರ ಮೇಲೆ. "ನಾನು ಕಟ್ಟುವ ಪ್ರೀಮಿಯಂ ಯಾರದೋ ಸೂಜಿಗೆ ಹೋಗುತ್ತದೆ. ಇದು ಮೋಸಗಾರರಿಗೆ ಹಬ್ಬ. ಫ್ಲೋರಿಡಾದಲ್ಲಿ ಏನಾಯಿತು ನೋಡಿ" ಎಂದು ಬರೆದಿದ್ದಾರೆ. ಫ್ಲೋರಿಡಾವನ್ನು ನೋಡೋಣ, ಅದು ನನ್ನ ವಾದಕ್ಕೇ ಹೆಚ್ಚು ಸಹಾಯಕ.

ಅಲ್ಲಿ 1972ರಿಂದ ನೋ-ಫಾಲ್ಟ್ ವಿಮೆ ಇದೆ. ತಪ್ಪು ಯಾರದಾದರೂ ನಿಮ್ಮದೇ ಪಾಲಿಸಿಯಿಂದ 10,000 ಡಾಲರ್‌ವರೆಗೆ, ವೈದ್ಯಕೀಯ ಖರ್ಚಿನ ಶೇ. 80. ಟ್ಯಾಂಪಾ, ಮಯಾಮಿ ಕಡೆ ಇದು ದಂಧೆಯಾಯಿತು. ಬೇಕೆಂದೇ ಗಾಡಿ ಗುದ್ದಿಸಿಕೊಂಡು, ಒಳಗೆ ಬಾಡಿಗೆಯ ಪ್ರಯಾಣಿಕರನ್ನು ತುಂಬಿ, ಗೊತ್ತು ಮಾಡಿಟ್ಟ ಕ್ಲಿನಿಕ್ಕಿಗೆ ಕಳಿಸಿ, ಆ ಹತ್ತು ಸಾವಿರವನ್ನು ಬಿಲ್ಲುಗಳಲ್ಲಿ ಕರಗಿಸುವುದು. 2012ರಲ್ಲಿ ಶಾಸನಸಭೆ ಕಾನೂನು ಬಿಗಿ ಮಾಡಿತು. ಹದಿನಾಲ್ಕು ದಿನದೊಳಗೆ ಚಿಕಿತ್ಸೆಗೆ ಹೋಗದಿದ್ದರೆ ಬಿಡಿಗಾಸೂ ಇಲ್ಲ. ತುರ್ತು ಸ್ಥಿತಿ ಎಂದು ಅರ್ಹರು ಬರೆದುಕೊಡದಿದ್ದರೆ 2,500 ಡಾಲರ್ ಮಾತ್ರ. ಮಸಾಜು ಮತ್ತು ಆಕ್ಯುಪಂಕ್ಚರ್ ಯಾರು ಮಾಡಿದರೂ ಹಣ ಇಲ್ಲವೇ ಇಲ್ಲ. ವಿಮಾ ಕಂಪನಿಗಳು ಈ ವಿಭಾಗದ ದರವನ್ನು 2012ರ ಅಕ್ಟೋಬರಿಗೆ ಶೇ. 10, 2014ರ ಜನವರಿಗೆ ಶೇ. 25 ಇಳಿಸಬೇಕು, ಆಗದಿದ್ದರೆ ಕಾರಣ ಕೊಡಬೇಕು ಎಂದೂ ಇತ್ತು. ಆಕ್ಯುಪಂಕ್ಚರ್ ಮಾಡುವವರು ಕೋರ್ಟಿಗೆ ಹೋದರು. 2013ರ ಮಾರ್ಚಿನಲ್ಲಿ ಕೆಳಗಿನ ಕೋರ್ಟು ತಡೆ ಕೊಟ್ಟಿತು, ಅಕ್ಟೋಬರಿನಲ್ಲಿ ಮೇಲ್ಮನವಿ ಕೋರ್ಟು ತಡೆ ತೆಗೆಯಿತು.

ಅಂದರೆ ಸೂಜಿಯನ್ನು ಹೊರಹಾಕಿದ್ದಾಯಿತು. ರೋಗ ಹೋಯಿತೇ? 2021ರಲ್ಲಿ ಅದೇ ಶಾಸನಸಭೆ ಇಡೀ ನೋ-ಫಾಲ್ಟ್ ವ್ಯವಸ್ಥೆಯನ್ನೇ ಕಿತ್ತುಹಾಕುವ ಮಸೂದೆ ಅಂಗೀಕರಿಸಿತು, ಗವರ್ನರ್ ವೀಟೊ ಮಾಡಿ ತಡೆದರು. ಸೂಜಿಯೇ ಕಳ್ಳನಾಗಿದ್ದರೆ ಒಂಬತ್ತು ವರ್ಷಗಳ ನಂತರ ಮನೆಯನ್ನೇ ಕೆಡವಲು ಹೊರಡಬೇಕಾಗಿರಲಿಲ್ಲ. ಕಳ್ಳತನ ನಡೆಯುತ್ತಿದ್ದದ್ದು ಬಿಲ್ಲಿನಲ್ಲಿ. ಗುದ್ದಿಸಿಕೊಂಡ ಗಾಡಿಗೆ ಎಂಆರ್‌ಐ ಬರೆಸಿದರೂ ಅದೇ ಕಳ್ಳತನ.

ಬ್ರಿಟಿಷ್ ಕೊಲಂಬಿಯಾದ ಲೆಕ್ಕ ಇದಕ್ಕೆ ಉಲ್ಟಾ. ಹೊಸ ಪದ್ಧತಿ ಬಂದಾಗ ಪ್ರೀಮಿಯಂ ಸರಾಸರಿ ಶೇ. 20 ಇಳಿಯುತ್ತದೆಂದು ಸರ್ಕಾರ ಘೋಷಿಸಿತು. ಅದೇ ಹೊತ್ತಿಗೆ ಆಕ್ಯುಪಂಕ್ಚರ್ ಪಟ್ಟಿಯಲ್ಲಿ ಉಳಿದಿತ್ತು. ಉಳಿತಾಯ ಬಂದದ್ದು ಮುಖ್ಯವಾಗಿ ವಕೀಲರ ಫೀಜು, ಕೋರ್ಟಿನ ಖರ್ಚು ತಪ್ಪಿದ್ದರಿಂದ. ಒಂದು ಸಾಧಾರಣ ಕತ್ತುನೋವಿನ ಕೇಸಿಗೆ ಎರಡೂ ಕಡೆ ತಜ್ಞರ ವರದಿ ಬರೆಸುವ ಹಣದಲ್ಲಿ ಎಷ್ಟು ಹನ್ನೆರಡು ಬಾರಿಗಳು ಬರುತ್ತವೆಂದು ಮಿತ್ರರು ಅವರ ಸ್ಪ್ರೆಡ್‌ಶೀಟಿನಲ್ಲೇ ಹಾಕಿ ನೋಡಲಿ. ಇನ್ನೊಂದನ್ನು ಅವರು ಮರೆತಿದ್ದಾರೆ. ಗಾಯಾಳು ತನ್ನ ದಾವೆಯ ಹಕ್ಕು ಬಿಟ್ಟುಕೊಟ್ಟು ಪಡೆದದ್ದು ಈ ಚಿಕಿತ್ಸೆ. ಹಕ್ಕನ್ನು ಕಿತ್ತುಕೊಂಡು, ಆಮೇಲೆ ಅದಕ್ಕೆ ಕೊಟ್ಟ ಬದಲನ್ನೂ ಒಂದೊಂದಾಗಿ ಕತ್ತರಿಸುತ್ತ ಬಂದರೆ ಅದು ಸುಧಾರಣೆ ಅನ್ನಿಸಿಕೊಳ್ಳದು.

ಮಾತ್ರೆ ಸಾಲದೇ ಎಂದೂ ಅವರು ಕೇಳಿದ್ದಾರೆ. ನೋವಿನ ಮಾತ್ರೆಯಿಂದ ಶುರುವಾದ ಹಾದಿ ಎಲ್ಲಿಗೆ ಹೋಗಬಹುದೆಂದು ಈ ಪ್ರಾಂತ್ಯದಲ್ಲಿ ಯಾರೂ ಕೇಳಬೇಕಿಲ್ಲ. ಮಾದಕದ ಅತಿ ಸೇವನೆಯ ಸಾವುಗಳಿಗಾಗಿ 2016ರ ಏಪ್ರಿಲಿನಲ್ಲಿ ಇಲ್ಲಿ ಸಾರ್ವಜನಿಕ ಆರೋಗ್ಯ ತುರ್ತುಸ್ಥಿತಿ ಘೋಷಿಸಬೇಕಾಯಿತು. ಸೂಜಿಯಿಂದ ಆ ಪಿಡುಗು ನಿಲ್ಲುತ್ತದೆಂಬ ಹುಚ್ಚು ಮಾತು ನನ್ನದಲ್ಲ. ಮಾತ್ರೆಯಿಲ್ಲದೆ ನೋವು ತಗ್ಗಿಸುವ ಒಂದು ದಾರಿಯನ್ನು ಮುಚ್ಚುವವರು ಇದನ್ನೂ ಲೆಕ್ಕಕ್ಕೆ ಹಿಡಿಯಲಿ.

ಡಾಕ್ಟರ ಎರಡನೆಯ ಆಕ್ಷೇಪಕ್ಕೆ ನಾನು ಬಹುಪಾಲು ಮಣಿಯುತ್ತೇನೆ. ಅಪಘಾತವಾದವರು ನೇರ ಸೂಜಿಯವರ ಹತ್ತಿರ ಹೋದರೆ ಮುರಿದ ಮೂಳೆ ಕಣ್ತಪ್ಪುವುದಿಲ್ಲವೇ ಎಂಬುದು ಅವರ ಭಯ. ಸರಿಯಾದ ಭಯ. ಇದಕ್ಕೆ ಕೆನಡಾದವರದ್ದೇ ಒಳ್ಳೆಯ ಸೂತ್ರವಿದೆ. ಒಟ್ಟಾವಾ ಕಡೆಯ ಸಂಶೋಧಕರು 2001ರಲ್ಲಿ ಪ್ರಕಟಿಸಿದ್ದು. ವಯಸ್ಸು 65 ತುಂಬಿದೆಯೇ, ಅಪಘಾತ ಭಾರೀ ವೇಗದ್ದೇ, ಗಾಡಿ ಪಲ್ಟಿಯಾಯಿತೇ, ಕೈಕಾಲಿನಲ್ಲಿ ಜೋಮು ಇದೆಯೇ? ಒಂದಕ್ಕೆ ಹೌದೆಂದರೂ ಮೊದಲು ಎಕ್ಸ್‌ರೇ ಅಥವಾ ಸ್ಕ್ಯಾನ್. ಇವೊಂದೂ ಇಲ್ಲದೆ, ಅಪಾಯ ಕಡಿಮೆಯೆಂದು ತೋರುವ ಲಕ್ಷಣವಿದ್ದರೆ ಕತ್ತು ಎರಡೂ ಕಡೆ 45 ಡಿಗ್ರಿ ತಿರುಗುತ್ತದೆಯೇ ನೋಡಬೇಕು, ತಿರುಗದಿದ್ದರೆ ಚಿತ್ರ ತೆಗೆಸಬೇಕು. ಈ ಪ್ರಶ್ನೆಗಳಿಗೆ ಉತ್ತರ ಬರೆದ ಹಾಳೆಯಿಲ್ಲದೆ ಯಾರೂ ಸೂಜಿ ಹಿಡಿಯಬಾರದೆಂದು ಐಸಿಬಿಸಿ ಷರತ್ತು ಹಾಕಲಿ. ಚೀಟಿ ಬೇಡವೆಂಬ ಸೌಲಭ್ಯಕ್ಕೆ ಅಷ್ಟು ಬೆಲೆ ತೆರಬಹುದು.

ಸೂಜಿಯ ಅಪಾಯದ ಬಗ್ಗೆಯಾದರೆ, ಜರ್ಮನಿಯಲ್ಲಿ 2,29,230 ರೋಗಿಗಳನ್ನು ಗಮನಿಸಿದ ಅಧ್ಯಯನ 2009ರಲ್ಲಿ ಬಂತು. ಶೇ. 8.6 ಮಂದಿ ಏನಾದರೊಂದು ತೊಂದರೆ ಹೇಳಿದರು, ಹೆಚ್ಚಿನವು ಸಣ್ಣ ರಕ್ತಸ್ರಾವ, ಚುಚ್ಚಿದ ಜಾಗದ ನೋವು. ಚಿಕಿತ್ಸೆ ಬೇಕಾದದ್ದು ಶೇ. 2.2 ಮಂದಿಗೆ. ಶ್ವಾಸಕೋಶದ ಹೊದಿಕೆ ತೂತಾದದ್ದು ಇಬ್ಬರಿಗೆ. ಭುಜದ ಮೇಲ್ಭಾಗ ಅದಕ್ಕೆ ಸೂಕ್ಷ್ಮ ಜಾಗ, ಅಪಘಾತದವರಿಗೆ ಚುಚ್ಚುವುದೂ ಅಲ್ಲೇ. ಆದ್ದರಿಂದಲೇ ಯಾರು ಚುಚ್ಚುತ್ತಾರೆ ಎಂಬುದು ಮುಖ್ಯ. "ನಿಮ್ಮ ತಾಯಿಯನ್ನು ಕಳಿಸುತ್ತೀರಾ?" ಎಂದು ಡಾಕ್ಟರು ಸವಾಲು ಹಾಕಿದ್ದಾರೆ. ಕಳಿಸುವುದಿಲ್ಲ ಸ್ವಾಮಿ. ಅವರು ರಕ್ತ ತೆಳುವಾಗಿಸುವ ಮಾತ್ರೆಯಲ್ಲಿದ್ದಾರೆ. ಹೆಂಡತಿಯನ್ನು ಕಳಿಸುತ್ತೇನೆ.

"ಚೀನಾದ ಸೂಜಿಗೆ ಹಣ, ನಮ್ಮ ಆಯುರ್ವೇದಕ್ಕೆ ಯಾಕಿಲ್ಲ? ಪುತ್ತೂರು ಕಟ್ಟಿಗೆ ಯಾಕಿಲ್ಲ?" ಎಂದವರಿಗೆ ಉತ್ತರ ಚಿಕ್ಕದು. ಇಲ್ಲಿ ಹಣ ಹೋಗುವುದು ವಿದ್ಯೆಯ ಹಳಮೆ ನೋಡಿ ಅಲ್ಲ, ದೂರು ಕೊಡಲು ಒಂದು ಬಾಗಿಲಿದೆಯೇ ಎಂದು ನೋಡಿ. ಆಕ್ಯುಪಂಕ್ಚರ್ ಇಲ್ಲಿ 1990ರ ದಶಕದಿಂದಲೇ ಕಾನೂನಿನಡಿ ಇದೆ. ಪರೀಕ್ಷೆ ಪಾಸಾಗಿ ನೋಂದಾಯಿಸದೆ ಆ ಹೆಸರಿನ ಫಲಕ ಹಾಕುವಂತಿಲ್ಲ. 2024ರ ಜೂನ್‌ನಲ್ಲಿ ಕೈರೋಪ್ರ್ಯಾಕ್ಟರ್, ಮಸಾಜ್ ಥೆರಪಿಸ್ಟ್ ಮತ್ತು ನ್ಯಾಚುರೋಪತಿಯವರೊಂದಿಗೆ ಇವರನ್ನೂ ಒಂದೇ ನಿಯಂತ್ರಣ ಮಂಡಳಿಯಡಿ ತಂದರು. ಆಯುರ್ವೇದಕ್ಕೆ ಇಲ್ಲಿ ಅಂಥ ಮಂಡಳಿಯಿಲ್ಲ. ಬೇಕಿದ್ದರೆ ಕಟ್ಟಿಕೊಳ್ಳಲಿ, ಆಗ ವಿಮೆಯ ಮಾತು.

ಉಳಿದದ್ದು ಬೆಂಗಳೂರಿನ ಹಿರಿಯರದು. ಇದೆಲ್ಲ ಶ್ರೀಮಂತ ದೇಶದ ಚಪಲ, ನಮ್ಮಲ್ಲಿ ಇದನ್ನು ಹೇಳಿ ಜನರ ತಲೆ ಕೆಡಿಸಬೇಡಿ ಎನ್ನುತ್ತಾರೆ. ಕರ್ನಾಟಕದಲ್ಲಿ ನಾಳೆಯೇ ಆಕ್ಯುಪಂಕ್ಚರಿಗೆ ಮೋಟಾರು ವಿಮೆ ಬೇಕೆಂದು ನಾನು ಬರೆದಿಲ್ಲ, ಬರೆಯುವುದೂ ಇಲ್ಲ. ಕೇಂದ್ರ ಸರ್ಕಾರ 2019ರಲ್ಲಿ ಆಕ್ಯುಪಂಕ್ಚರನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿಯೆಂದು ಮಾನ್ಯ ಮಾಡಿದೆ. ಪಶ್ಚಿಮ ಬಂಗಾಳ, ಮಹಾರಾಷ್ಟ್ರಗಳು ಪ್ರತ್ಯೇಕ ಕಾಯ್ದೆಯನ್ನೂ ಮಾಡಿಕೊಂಡಿವೆ. ಯಾರು ಅರ್ಹರು, ತಪ್ಪಾದರೆ ಯಾರನ್ನು ಕೇಳಬೇಕು ಎಂಬುದು ಮೊದಲು ಇತ್ಯರ್ಥವಾಗಬೇಕು.

ಆದರೆ ಹಿರಿಯರು ತಮ್ಮ ಅನುಭವದಿಂದಲೇ ಬಲ್ಲ ಒಂದು ವಿಷಯವಿದೆ. 2025ರ ಮೇಯಿಂದ ದೇಶದಲ್ಲಿ ಜಾರಿಯಾದ ನಗದುರಹಿತ ಯೋಜನೆ ರಸ್ತೆ ಅಪಘಾತದ ಗಾಯಾಳುವಿಗೆ ಒಂದೂವರೆ ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಕೊಡುತ್ತದೆ. ಜೀವ ಉಳಿಸಲು ಅದು ದೊಡ್ಡ ಹೆಜ್ಜೆ, ಆದರೆ ಅವಧಿ ಏಳು ದಿನ. ಎಂಟನೆಯ ದಿನದಿಂದ ಕತ್ತು ತಿರುಗದ ಆಟೋ ಚಾಲಕ ಸ್ವಂತ ದುಡ್ಡಿನಲ್ಲಿ ಫಿಸಿಯೋಥೆರಪಿಗೆ ಹೋಗಬೇಕು, ಬಿಲ್ಲುಗಳನ್ನು ಜೋಪಾನ ಮಾಡಬೇಕು, ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕಿ ಕಾಯಬೇಕು. ತೀರ್ಪು ಬರುವ ಹೊತ್ತಿಗೆ ಹಣ ಬರುತ್ತದೆ, ಚಿಕಿತ್ಸೆಯ ಕಾಲ ಕಳೆದಿರುತ್ತದೆ. ಇಲ್ಲಿಯ ಪದ್ಧತಿಯಿಂದ ಕಲಿಯುವುದಿದ್ದರೆ ಸೂಜಿಯನ್ನು ಬಿಟ್ಟುಬಿಡಿ, ಮೊದಲ ಹನ್ನೆರಡು ವಾರದ ಚಿಕಿತ್ಸೆಗೆ ತಪ್ಪು ಯಾರದೆಂದು ಕೇಳದೆ ಹಣ ಕೊಡುವ ಆ ಒಂದು ಕಲಮನ್ನು ನೋಡಿ. ಅದರೊಳಗೆ ಫಿಸಿಯೋಥೆರಪಿ ಮಾತ್ರ ಇರಲಿ ಎಂದರೂ ನನ್ನ ತಕರಾರಿಲ್ಲ.